ಅಜ್ಜನಿಗೆ ನಾನು ತಂದುಕೊಟ್ಟ ಮಣ್ಣು

ಹೋದ ಸೆಪ್ಟೆಂಬರಿನ ಒಂದು ಸಂಜೆ ಕೆನಡಾದ ಸ್ಟೌಫ್‌ವಿಲ್‌ನ ನಮ್ಮ ಬೀದಿಯಲ್ಲಿ ವಾಕಿಂಗ್ ಹೊರಟಿದ್ದೆ. ಮೂಲೆಮನೆಯವರು ಗ್ಯಾರೇಜಿನ ಬಾಗಿಲು ಮೇಲೆತ್ತಿ, ಒಳಗೆ ಗ್ಯಾಸ್ ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು ಟೊಮ್ಯಾಟೊ ಬೇಯಿಸುತ್ತಿದ್ದರು. ಬೆಂದ ಟೊಮ್ಯಾಟೊ, ಅದರೊಳಗೆ ಹಾಕಿದ ಬೇಸಿಲ್ ಸೊಪ್ಪು... ಆ ವಾಸನೆಗೆ ನನ್ನ ಕಾಲು ತಾನಾಗಿ ನಿಂತಿತು. ಅವರು ಪರಿಚಯದವರಲ್ಲ. "ಹಲೋ" ಅಂದರು, ನಾನೂ ಅಂದು ಮುಂದೆ ನಡೆದೆ. ಆದರೆ ವಾಸನೆ ನನ್ನ ಹಿಂದೆಯೇ ಮನೆಯವರೆಗೂ ಬಂತು. ಈಗ ನನ್ನನ್ನೂ ಹೆಂಡತಿಯನ್ನೂ ಬಿಟ್ಟರೆ ಯಾರಿಗೂ ಗೊತ್ತಿಲ್ಲದ ವಿಷಯವೊಂದನ್ನು ಕೆದಕಿ ಹಾಕಿತು.

ತೊಂಬತ್ತರ ದಶಕದ ಶುರುವಿನಲ್ಲಿ ನಾವು ರೆಕ್ಸ್‌ಡೇಲ್‌ನಲ್ಲಿ ಮನೆ ಹಿಡಿದೆವು. ಅದುವರೆಗೆ ಯಾರದೋ ಬೇಸ್‌ಮೆಂಟಿನಲ್ಲಿ ಬದುಕಿದ್ದ ನಮಗೆ ಕಿಟಕಿಯಲ್ಲಿ ಬೆಳಕು ಕಂಡದ್ದೇ ಭಾಗ್ಯವಾಗಿತ್ತು. ಸಾಮಾನು ಇಳಿಸುವಾಗ ನನ್ನ ಹೆಂಡತಿ, "ರೀ, ಅದು ಬೇಡ, ಅಡುಗೆಮನೆ ಬಾಕ್ಸ್ ಫಸ್ಟ್ ತನ್ನಿ," ಅಂದಳು. ಬೇಲಿಯಾಚೆ ಟೊಮ್ಯಾಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದ ಬಿಳಿಯ ಮುದುಕರೊಬ್ಬರು ತಟ್ಟನೆ ತಲೆಯೆತ್ತಿದರು. "ಬೇಡ," ಅಂದರು. ಆಮೇಲೆ ಒಂದೊಂದೇ ಬೆರಳು ಮಡಿಸುತ್ತಾ, "ಬೇಕು. ನೀರು. ಸಾಕು. ಬಿಸಿಲು. ನಾಳೆ ಬಾ," ಅಂದರು. ಹೆಂಡತಿ ಕೈಲಿದ್ದ ಕುಕ್ಕರನ್ನು ಹುಲ್ಲಿನ ಮೇಲಿಟ್ಟು ಬಾಯಿ ಬಿಟ್ಟುಕೊಂಡು ನಿಂತಳು.

ಅವತ್ತಿನಿಂದ ಅವರು ನಮಗೆ ಪಕ್ಕದ ಮನೆಯ ಅಜ್ಜ. ಇಟಲಿಯ ದಕ್ಷಿಣದ ಯಾವುದೋ ಗುಡ್ಡದ ಹಳ್ಳಿಯವರು. ಇಪ್ಪತ್ತರ ಆಸುಪಾಸಿನಲ್ಲಿ ಅವರನ್ನು ಸೈನ್ಯಕ್ಕೆ ಎಳೆದುಕೊಂಡು ಹೋಗಿ ಲಿಬಿಯದ ಮರಳಿನಲ್ಲಿ ಬಿಟ್ಟಿದ್ದರಂತೆ. ಅಲ್ಲಿ ಗುಂಡು ಹಾರಿಸಿದ್ದಕ್ಕಿಂತ ನಡೆದದ್ದೇ ಹೆಚ್ಚು ಅನ್ನುತ್ತಿದ್ದರು. ಬ್ರಿಟಿಷರು ಒಂದು ಬೆಳಗ್ಗೆ ಇಡೀ ದಂಡನ್ನೇ ಸೆರೆಹಿಡಿದು, ಸೂಯೆಜ್ ದಾಟಿಸಿ, ಹಡಗಿನಲ್ಲಿ ಬೊಂಬಾಯಿಗೂ ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೂ ಸಾಗಿಸಿದರು. ಜಾಲಹಳ್ಳಿ ಕಡೆ ಮುಳ್ಳುತಂತಿಯ ಕ್ಯಾಂಪು. ಕಡೆಕಡೆಗೆ ಹೊರಗೆ ತೋಟದ ಕೆಲಸಕ್ಕೆ ಬಿಡುತ್ತಿದ್ದರು. ಅಲ್ಲಿನ ತೋಟಗಾರನಿಂದ ಈ ಹತ್ತು ಹನ್ನೆರಡು ಮಾತು ಕಲಿತದ್ದು. ಐದು ವರ್ಷ ನಮ್ಮೂರಿನಲ್ಲಿದ್ದವರು ನಮ್ಮೂರನ್ನು ನೋಡಿಯೇ ಇರಲಿಲ್ಲ.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ನಾನು ಯೂನಿಯನ್‌ವಿಲ್ ಹತ್ತಿರದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೆ, ಆದರೆ ನನ್ನ ಹುಚ್ಚೆಲ್ಲ ಎರಡನೆಯ ಮಹಾಯುದ್ಧದ ಚರಿತ್ರೆ. ಲೈಬ್ರರಿಯಲ್ಲಿ ಆ ಶೆಲ್ಫಿನ ಒಂದು ಪುಸ್ತಕವನ್ನೂ ಬಿಟ್ಟವನಲ್ಲ. ಯಾವ ಸೇನೆ ಯಾವ ನದಿಯನ್ನು ಎಲ್ಲಿ ದಾಟಿತು, ಯಾವ ರಾಯಭಾರಿ ಯಾವ ಊರಿನಲ್ಲಿ ಗುಟ್ಟಾಗಿ ಯಾರನ್ನು ಕಂಡ, ಒಪ್ಪಂದದ ಯಾವ ಷರತ್ತನ್ನು ಯಾರು ಮುಚ್ಚಿಟ್ಟರು, ಎಲ್ಲ ನಾಲಿಗೆಯ ತುದಿಯಲ್ಲಿ. ಕನ್ನಡದವರು ಸೇರಿದ ಕಡೆ ಒಬ್ಬ ರಿಟೈರ್ಡ್ ಡಾಕ್ಟರು, "ಏನಪ್ಪಾ ಜನರಲ್, ಇವತ್ತು ಯಾವ ಫ್ರಂಟು?" ಎಂದು ಕಾಲೆಳೆಯುತ್ತಿದ್ದರು. ಒಳಗೊಳಗೆ ನನಗೆ ಖುಷಿಯೇ ಆಗುತ್ತಿತ್ತು.

ಪಕ್ಕದಲ್ಲೇ ಯುದ್ಧ ಕಂಡ ಮನುಷ್ಯ ಸಿಕ್ಕರೆ ಬಿಡುತ್ತೇನೆಯೆ? ಶನಿವಾರ ಬಂತೆಂದರೆ ಅವರ ಗ್ಯಾರೇಜಿನಲ್ಲಿ ಹಾಜರ್. ಅಜ್ಜನದು ಇಟಲಿ ರಾಗದ ಇಂಗ್ಲಿಷು, ನನ್ನದು ಬಸವನಗುಡಿ ರಾಗದ್ದು. ನಿಜ ಹೇಳಬೇಕೆಂದರೆ ಕೇಳಿದ್ದಕ್ಕಿಂತ ನಾನು ಹೇಳಿದ್ದೇ ಜಾಸ್ತಿ. ಸಾವಿರದ ಒಂಬೈನೂರ ನಲವತ್ತಮೂರರಲ್ಲಿ ಇಟಲಿ ಕೈಚೆಲ್ಲಿ ಕದನವಿರಾಮಕ್ಕೆ ಸಹಿ ಹಾಕಿತಲ್ಲ, ಅದರ ಹಿಂದಿನ ರಾಜತಂತ್ರವನ್ನು ಅವರಿಗೇ ಪಾಠ ಮಾಡಿದೆ. ಸಹಿ ಹಾಕಿದ ಮೇಲೆ ಇಟಲಿ ಶತ್ರುವಾಗಿ ಉಳಿಯಲಿಲ್ಲ, ಮಿತ್ರನೂ ಆಗಲಿಲ್ಲ; ಮಿತ್ರರ ಪಕ್ಕದಲ್ಲಿ ನಿಂತು ಯುದ್ಧ ಮಾಡುವ ದೇಶ ಅಂತ ಒಂದು ಹೊಸ ಸ್ಥಾನವನ್ನೇ ಸೃಷ್ಟಿಸಿದರು, ಎಂಥ ಜಾಣ ಪದ ನೋಡಿ, ಅಂದೆ.

ಅಜ್ಜ ಒಲೆಯ ಮೇಲಿನ ಟೊಮ್ಯಾಟೊ ತಿರುವುವುದನ್ನು ನಿಲ್ಲಿಸಲಿಲ್ಲ. "ಸುದ್ದಿ ಬಂದ ದಿನ ಕ್ಯಾಂಪಿನಲ್ಲಿ ಕುಣಿದೆವು," ಅಂದರು. "ಮಾರನೆಯ ಬೆಳಗ್ಗೆ ಅದೇ ಹೊತ್ತಿಗೆ ಬಂದು ತಲೆ ಎಣಿಸಿದರು. ಆ ಪದದ ಜೊತೆ ಹಡಗು ಬರಲಿಲ್ಲ."

ಹಡಗೆಲ್ಲ ಯುದ್ಧಕ್ಕೆ ಬೇಕಾಗಿತ್ತು, ಸೆರೆಯಾಳುಗಳನ್ನು ಮನೆಗೆ ಕಳಿಸಲು ಯಾರಿಗೂ ಅವಸರವಿರಲಿಲ್ಲ. ದೇಶ ಶತ್ರುಪಕ್ಷದಿಂದ ಹೊರಬಂದಿತ್ತು, ಇವರು ತಂತಿಯೊಳಗೇ ಉಳಿದರು. ಹಾಗೆ ಕಾಯುತ್ತಿದ್ದ ಮರುವರ್ಷ ಅಜ್ಜನ ಗೆಳೆಯನೊಬ್ಬ ಟೈಫಾಯಿಡ್ ಜ್ವರದಲ್ಲಿ ತೀರಿಕೊಂಡ. ಒಂದೇ ಹಳ್ಳಿ, ಒಂದೇ ಬೀದಿ, ಒಟ್ಟಿಗೆ ಸೈನ್ಯಕ್ಕೆ ಹೋದವರು. ಕ್ಯಾಂಪಿನ ಹತ್ತಿರದ ಸ್ಮಶಾನದಲ್ಲಿ ಗೋಡೆಯ ಪಕ್ಕ ಅಜ್ಜ ತಾವೇ ಗುಂಡಿ ತೋಡಿದ್ದರು. ಊರಿಗೆ ಮರಳಿದಾಗ ಗೆಳೆಯನ ತಾಯಿ ಇವರ ಕೈಗಳನ್ನು ಹಿಡಿದು ಮೂಸಿ ನೋಡಿದ್ದಳಂತೆ, ಮಗನ ಮಣ್ಣು ಮುಟ್ಟಿದ ಕೈ ಅಂತ. ಒಂದು ದಿನ ಆ ಜಾಗದ ಒಂದು ಹಿಡಿ ಮಣ್ಣು ತಂದುಕೊಡುತ್ತೇನೆ ಎಂದು ಅಜ್ಜ ಅವಳಿಗೆ ಮಾತು ಕೊಟ್ಟರು. ಕೆನಡಾಕ್ಕೆ ಬಂದರು, ಕಟ್ಟಡದ ಕೆಲಸ ಮಾಡಿದರು, ಮಕ್ಕಳನ್ನು ಬೆಳೆಸಿದರು. ತಾಯಿ ಸತ್ತಳು. ಗೆಳೆಯನ ತಂಗಿಯೊಬ್ಬಳು ಊರಿನಲ್ಲಿ ಉಳಿದಿದ್ದಳು. ಇತ್ತ ಅಜ್ಜನ ಹೃದಯಕ್ಕೆ ಆಪರೇಷನ್ ಆಗಿ, ಅಷ್ಟು ದೂರದ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿಬಿಟ್ಟಿದ್ದರು.

ತೊಂಬತ್ತಾರರ ಚಳಿಗಾಲದಲ್ಲಿ ನನ್ನ ತಂಗಿಯ ಮದುವೆಗೆ ನಾವು ಮೂರು ವಾರ ಬೆಂಗಳೂರಿಗೆ ಹೊರಟೆವು. ಹೊರಡುವ ಹಿಂದಿನ ದಿನ ಅಜ್ಜ ಕೋಟು ತೊಟ್ಟು ಬಂದರು. ಬೇಲಿಯ ಮೇಲಿಂದ ಮಾತಾಡುವವರು ಮುಂಬಾಗಿಲಿನ ಬೆಲ್ ಒತ್ತಿ ಬಂದರು. ಒಂದು ಚೀಟಿಯಲ್ಲಿ ಗೆಳೆಯನ ಹೆಸರು, ಅವನ ತಂದೆಯ ಹೆಸರು, ಊರು, ಸ್ಮಶಾನದ ಗುರುತು ಬರೆದಿದ್ದರು. ಒಂದು ಫೋಟೊ, ಒಂದು ಹಿಡಿ ಮಣ್ಣು. ಅಷ್ಟೇ ಕೇಳಿದ್ದು.

"ಇದೇನು ಮಹಾ ಕೆಲಸ," ಅಂದೆ ನಾನು.

ಇಲ್ಲಿಂದ ಊರಿಗೆ ಹೋಗುವವರ ಪಾಡು ನಿಮಗೆ ಗೊತ್ತು. ಸೀರೆಗೆ ಫಾಲ್ಸ್ ಹಾಕಿಸಬೇಕು, ಹಲ್ಲು ತೋರಿಸಬೇಕು, ಎಲ್ಲ ನೆಂಟರ ಮನೆಯಲ್ಲೂ ಒಂದೊಂದು ಊಟ. ಚೀಟಿ ಪಾಸ್‌ಪೋರ್ಟಿನ ಚೀಲದಲ್ಲೇ ಇತ್ತು. ದಿನಾ ನೋಡುತ್ತಿದ್ದೆ. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು. ಕಡೆಯ ದಿನ ಮಧ್ಯಾಹ್ನ ಪೂರ್ತಿ ಬಿಡುವಿತ್ತು. ಬಂದ್ ಇರಲಿಲ್ಲ, ಮಳೆ ಇರಲಿಲ್ಲ, ಬೀದಿಯ ತುದಿಯಲ್ಲೇ ಆಟೋ ಸ್ಟ್ಯಾಂಡ್. ನೆಪ ಹುಡುಕಿದರೂ ಸಿಗುವುದಿಲ್ಲ. ಹೋಳಿಗೆ ಊಟ ಮಾಡಿ ಚಾಪೆಯ ಮೇಲೆ ಒರಗಿದೆ. ಎದ್ದಾಗ ಐದು ಗಂಟೆ.

ನಾನು ಚೀಟಿ ಹಿಡಿದು ಪೆಚ್ಚಾಗಿ ಕೂತದ್ದನ್ನು ಅಮ್ಮ ನೋಡಿದರು. ವಿಷಯ ಹೇಳಿದೆ. ನಮ್ಮ ಮನೆಗಳಲ್ಲಿ ಒಂದು ರೂಢಿಯಿದೆ. ಯಾರಾದರೂ ದೂರದ ಕ್ಷೇತ್ರದ ಪ್ರಸಾದ ತರಲು ಹೇಳಿ, ಹೋಗಲಾಗದಿದ್ದರೆ, ಮನೆದೇವರ ಮುಂದಿನ ಕುಂಕುಮವನ್ನೇ ಪೊಟ್ಟಣ ಕಟ್ಟಿ ಕೊಡುತ್ತೇವೆ. ತೆಗೆದುಕೊಂಡವರು ಕಣ್ಣಿಗೊತ್ತಿಕೊಳ್ಳುತ್ತಾರೆ. ದೇವರು ಎಲ್ಲ ಕಡೆ ಒಬ್ಬನೇ ತಾನೆ, ಯಾರಿಗೂ ಬೇಜಾರಿಲ್ಲ.

"ಸತ್ತೋರ ಹೆಸರಲ್ಲಿ ಕೇಳಿದಾರೆ, ಬರಿಗೈಲಿ ಹೋಗ್ಬೇಡ," ಅಂದರು ಅಮ್ಮ. ತುಳಸಿಕಟ್ಟೆಗೆ ದೀಪ ಹಚ್ಚಿ, ಕೈಮುಗಿದು, ಬುಡದಿಂದ ಒಂದು ಹಿಡಿ ಮಣ್ಣು ತೆಗೆದರು. ಕ್ಯಾಮೆರಾ ರೀಲಿನ ಕಪ್ಪು ಡಬ್ಬಿಯೊಂದು ಖಾಲಿಯಿತ್ತು. ಅದರಲ್ಲಿ ತುಂಬಿ ಕೊಟ್ಟರು.

ವಾಪಸು ಬಂದ ಮರುದಿನವೇ ಅಜ್ಜ ಬಂದರು. ವಿಮಾನದಲ್ಲಿ ಇಪ್ಪತ್ತು ಗಂಟೆ ನಾನು ಏನು ಹೇಳಬೇಕೆಂದು ಅಭ್ಯಾಸ ಮಾಡಿಕೊಂಡಿದ್ದೆ. 'ಕ್ಷಮಿಸಿ, ಹೋಗಲಾಗಲಿಲ್ಲ.' ಸಣ್ಣ ವಾಕ್ಯ. ಆದರೆ ಅವರು ಮತ್ತೆ ಅದೇ ಕೋಟು ತೊಟ್ಟು ಬಂದಿದ್ದರು... ಡಬ್ಬಿಯನ್ನು ಅವರ ಕೈಯಲ್ಲಿಟ್ಟೆ. ಅಜ್ಜ ಅದನ್ನು ತುಟಿಗೆ ಒತ್ತಿಕೊಂಡರು.

"ಗೋಡೆ ಪಕ್ಕದಲ್ಲೇ ಇತ್ತಾ?"

"ಹೌದು, ಗೋಡೆ ಪಕ್ಕದಲ್ಲೇ."

"ಒಂದು ಮರ ಇತ್ತು. ಸಣ್ಣದು."

"ಈಗ ದೊಡ್ಡದಾಗಿದೆ. ಒಳ್ಳೆ ನೆರಳು," ಅಂದೆ.

ಆಮೇಲೆ ನನ್ನ ಓದು ಉಪಯೋಗಕ್ಕೆ ಬಂತು. ಯುದ್ಧದ ಪುಸ್ತಕಗಳಲ್ಲಿ ಎಷ್ಟು ಸ್ಮಶಾನಗಳ ಚಿತ್ರ ನೋಡಿದ್ದೆನೋ! ಸಾಲಾಗಿ ಬಿಳಿಯ ಶಿಲುಬೆ, ಗುಡಿಸಿದ ದಾರಿ, ಕತ್ತರಿಸಿದ ಹುಲ್ಲು, ಕಾವಲಿನವನು ಕೂಡ. ಶಿಲುಬೆಯ ಮೇಲಿನ ಹೆಸರು ಮಳೆಗೆ ಸವೆದಿದೆ ಅಂದೆ. ಫೋಟೊ ತೆಗೆದಿದ್ದೆ, ಏರ್‌ಪೋರ್ಟಿನ ಎಕ್ಸ್‌ರೇಗೆ ಸಿಕ್ಕಿ ರೀಲು ಹಾಳಾಯಿತು ಅಂದೆ. ಅಜ್ಜ ಮಗುವಿನ ಹಾಗೆ ಅತ್ತರು. ನನ್ನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಅವರು ಹೋದ ಮೇಲೆ, "ಹೇಳ್ಬಿಡ್ರೀ. ಇವತ್ತೇ ಹೇಳ್ಬಿಟ್ರೆ ಆಗುತ್ತೆ, ಆಮೇಲೆ ಕಷ್ಟ," ಅಂದಳು. ಮುದುಕರು ನೆಮ್ಮದಿಯಿಂದಿದ್ದಾರಲ್ಲ, ಅದನ್ನೇಕೆ ಕೆಡಿಸುವುದು ಎಂದು ನಾನು ದೊಡ್ಡ ಮನಸ್ಸಿನವನಂತೆ ಮಾತಾಡಿದೆ.

ಮಣ್ಣು ಡಬ್ಬಿಯಲ್ಲೇ ಇದ್ದಿದ್ದರೆ ಆ ಮಾತು ಸ್ವಲ್ಪ ನಿಲ್ಲುತ್ತಿತ್ತೇನೋ. ಅಜ್ಜ ಅರ್ಧ ತಮ್ಮಲ್ಲಿಟ್ಟುಕೊಂಡು ಅರ್ಧವನ್ನು ಊರಿಗೆ ಹೊರಟ ನೆಂಟರೊಬ್ಬರ ಕೈಯಲ್ಲಿ ಗೆಳೆಯನ ತಂಗಿಗೆ ಕಳಿಸಿದರು. ಅವಳು ಪಾದ್ರಿಯನ್ನು ಕರೆಸಿ ತಾಯಿಯ ಸಮಾಧಿಯಲ್ಲಿ ಅದನ್ನು ಸೇರಿಸಿ, ಮೇಲೆ ಅಣ್ಣನ ಹೆಸರಿನ ಕಲ್ಲು ಹಾಕಿಸಿದಳು. ಆ ದಿನದ ಫೋಟೊ ರೆಕ್ಸ್‌ಡೇಲ್‌ಗೆ ಬಂತು. ಕಪ್ಪು ಬಟ್ಟೆ ತೊಟ್ಟ ಮುದುಕಿ, ಸುತ್ತ ಇಡೀ ಹಳ್ಳಿ, ನಡುವೆ ಕಲ್ಲು. ಅಜ್ಜ ಆ ಫೋಟೊವನ್ನು ನನಗೂ ಒಂದು ಪ್ರತಿ ಮಾಡಿಸಿಕೊಟ್ಟರು. ಬಸವನಗುಡಿಯ ತುಳಸಿಕಟ್ಟೆಯ ಮಣ್ಣಿಗೆ ಊರಿಗೆ ಊರೇ ತಲೆ ತಗ್ಗಿಸಿ ನಿಂತಿತ್ತು. ನಾನು ಫೋಟೊವನ್ನು ಯುದ್ಧದ ಪುಸ್ತಕವೊಂದರ ಒಳಗಿಟ್ಟು ಮುಚ್ಚಿದೆ, ಆಮೇಲೆ ಆ ಪುಸ್ತಕವನ್ನು ತೆರೆಯಲಿಲ್ಲ.

ಪ್ರತಿ ಕ್ರಿಸ್‌ಮಸ್‌ಗೆ ಆ ತಂಗಿಯಿಂದ ಅಜ್ಜನಿಗೆ ಒಂದು ಕಾಗದ, ಒಂದು ಪೊಟ್ಟಣ ಒಣ ಅಂಜೂರ ಬರುತ್ತಿತ್ತು. ಅದರಲ್ಲಿ ನಮಗೂ ಪಾಲು. ನಾನು ತಿನ್ನುತ್ತಿದ್ದೆ.

ಐದು ವರ್ಷ ಹೀಗೇ ಕಳೆಯಿತು. ಆ ತಂಗಿಯ ಮಗನಿಗೆ ಯಂತ್ರಗಳ ಕಂಪನಿಯೊಂದರಲ್ಲಿ ಕೆಲಸ. ಅವನು ಎರಡು ಸಾವಿರದ ಒಂದರಲ್ಲಿ ಕೆಲಸದ ಮೇಲೆ ಬೆಂಗಳೂರಿಗೆ ಹೋದ. ಮಾವನ ಸಮಾಧಿಗೆ ಹೂವಿಟ್ಟು ಬಾ ಎಂದು ತಾಯಿ ಹೇಳಿದ್ದಳು. ಅಜ್ಜನಿಂದ ಫೋನಿನಲ್ಲಿ ಗುರುತು ಕೇಳಿಕೊಂಡು, ಹೂವು ಹಿಡಿದು ಹೋದ. ಅಲ್ಲಿ ಗೋಡೆಯಿತ್ತು. ಮರವಿರಲಿಲ್ಲ, ಶಿಲುಬೆಯಿರಲಿಲ್ಲ. ಸ್ಮಶಾನ ನೋಡಿಕೊಳ್ಳುವವರು ಹಳೆಯ ರಿಜಿಸ್ಟರ್ ತೆಗೆದು ತೋರಿಸಿದರಂತೆ. ಇಟಲಿಯ ಸೆರೆಯಾಳುಗಳ ಅಸ್ಥಿಯನ್ನೆಲ್ಲ ಎಷ್ಟೋ ವರ್ಷಗಳ ಹಿಂದೆಯೇ ಅಗೆದು, ಬೊಂಬಾಯಿ ಕಡೆಯ ಒಂದು ಸ್ಮಾರಕಕ್ಕೆ ಸಾಗಿಸಿದ್ದರು. ನಾನು ಹುಟ್ಟುವುದಕ್ಕೂ ಮೊದಲಿನ ಮಾತು. ಊರಿಗೆ ಕಾಗದ ಬಂದಿತ್ತೋ ಇಲ್ಲವೋ, ಬಂದಿದ್ದರೂ ಓದುಬರದ ತಾಯಿಗೆ ಯಾರು ಓದಿ ಹೇಳಿದರೋ.

ಅಂದರೆ ತೊಂಬತ್ತಾರರ ಆ ಮಧ್ಯಾಹ್ನ ನಾನು ಆಟೋ ಹತ್ತಿದ್ದರೆ ಅದೇ ರಿಜಿಸ್ಟರ್ ನನಗೂ ತೋರಿಸುತ್ತಿದ್ದರು. ಆಗ ಆ ತಂಗಿ ಇನ್ನೂ ಗಟ್ಟಿಯಾಗಿದ್ದಳು, ಬೆಟ್ಟ ಹತ್ತಿ ಇಳಿಯುತ್ತಿದ್ದಳು. ಮಗನ ಜೊತೆ ವಿಮಾನ ಹತ್ತಿ ಅಣ್ಣನಿರುವ ಜಾಗಕ್ಕೇ ಹೋಗಿ ಬರಬಹುದಿತ್ತು. ಮಗನಿಗೆ ನಿಜ ತಿಳಿಯುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಿದ್ದಳು. ನಾನು ನಿದ್ದೆ ಮಾಡಿ ಕಳೆದ ಮೂರು ಗಂಟೆ ಅವಳಿಂದ ಕಿತ್ತುಕೊಂಡದ್ದು ಇದನ್ನು.

ಅಜ್ಜ ನನ್ನನ್ನು ಗ್ಯಾರೇಜಿಗೆ ಕರೆದರು. ಅವತ್ತೂ ಒಲೆಯ ಮೇಲೆ ಟೊಮ್ಯಾಟೊ ಇತ್ತು. ಕಪ್ಪು ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ಈ ಮಣ್ಣು ಎಲ್ಲಿಯದು?"

"ನಮ್ಮಮ್ಮನ ಮನೆಯದು," ಅಂದೆ. ಪೂಜೆ ಮಾಡುವ ಗಿಡದ ಬುಡದ್ದು, ನಮ್ಮಲ್ಲಿ ಹೀಗೆ ಕೊಡುವ ರೂಢಿಯಿದೆ ಎಂದೆಲ್ಲ ತೊದಲಿದೆ.

"ಯಾರಿಗಾಗಿ ಅಂತ ನಿನ್ನ ತಾಯಿಗೆ ಗೊತ್ತಿತ್ತಾ?"

"ಗೊತ್ತಿತ್ತು. ದೀಪ ಹಚ್ಚಿ, ಕೈಮುಗಿದು ಕೊಟ್ಟರು."

ಅಜ್ಜ ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಹಾಗಾದರೆ ಅವರ ಮೇಲೆ ನನಗೆ ಕೋಪವಿಲ್ಲ," ಅಂದರು.

ಇಲ್ಲಿ ನಾನೊಂದು ಮಾತು ಮುಚ್ಚಿಟ್ಟೆ. ಮೇಲೆ ನಿಮಗೂ ಹೇಳಲಿಲ್ಲ. ಡಬ್ಬಿ ಕೊಡುವಾಗ ಅಮ್ಮ ಹೇಳಿದ್ದರು: "ಹೋಗಕ್ಕಾಗ್ಲಿಲ್ಲ, ಇದು ನಮ್ಮನೇದು ಅಂತ ಹೇಳೇ ಕೊಡಪ್ಪಾ. ಹೇಳ್ದೆ ಕೊಟ್ರೆ ಅದು ಬರೀ ಮಣ್ಣು." ರೂಢಿ ಅಂದರೆ ಅದು. ನಮ್ಮವರು ಕುಂಕುಮದ ಪೊಟ್ಟಣ ಕೊಡುವಾಗ ಯಾವತ್ತೂ ಸುಳ್ಳು ಹೇಳುವುದಿಲ್ಲ. ನನ್ನ ಸೋಮಾರಿತನಕ್ಕೆ ಅಮ್ಮನ ಭಕ್ತಿಯನ್ನು ಹೊದಿಸಿದವನು ನಾನೊಬ್ಬನೇ.

"ಆ ಹುಡುಗನಿಗೆ ಏನು ಹೇಳಿದಿರಿ?" ಎಂದು ಕೇಳಿದೆ. ನೋಡಿ, ನನಗೆ ಆಗಲೂ ಬೇಕಾಗಿದ್ದದ್ದು ಅದು.

"ನಿನಗೆ ಕೊಟ್ಟ ಚೀಟಿಯಲ್ಲಿ ನಾನೇ ಬೇರೆ ಸ್ಮಶಾನದ ಹೆಸರು ಬರೆದೆ, ನೀನು ಅಲ್ಲಿ ಯಾವುದೋ ಸಮಾಧಿ ನೋಡಿ ಬಂದೆ ಅಂತ ಹೇಳಿದೆ. ವಯಸ್ಸಾಯಿತು, ಮರೆವು ಅಂದೆ."

"ಯಾಕೆ ಹಾಗೆ?"

"ನೀನು ಪಕ್ಕದ ಮನೆಯವನು," ಅಂದರು ಅಜ್ಜ. ಎದ್ದು ಒಲೆಯ ಉರಿ ತಗ್ಗಿಸಿದರು.

ಬೇಡ ಅಜ್ಜಾ, ಈಗಲೇ ಫೋನ್ ಮಾಡಿ ನಾನೇ ಒಪ್ಪಿಕೊಳ್ಳುತ್ತೇನೆ ಅನ್ನಬೇಕಿತ್ತು. ಅನ್ನಲಿಲ್ಲ. ಆ ಕ್ಷಣ ನನಗೆ ಆದದ್ದೇನು ಎಂದು ಬರೆಯಲು ಕೈ ಹಿಂಜರಿಯುತ್ತದೆ. ಹಾಯೆನಿಸಿತು.

ಯಾರದೋ ಮಣ್ಣನ್ನು ಗೆಳೆಯನ ತಾಯಿಯ ಸಮಾಧಿಗೆ ಹಾಕಿಸಿದ ಮನುಷ್ಯನಿಗೆ ಆ ತಂಗಿ ಮತ್ತೆ ಕಾಗದ ಬರೆಯಲಿಲ್ಲ. ಆ ಕ್ರಿಸ್‌ಮಸ್‌ಗೆ ಅಂಜೂರ ಬರಲಿಲ್ಲ. ಅಜ್ಜ ಅಂಚೆಯವನು ಬರುವ ಹೊತ್ತಿಗೆ ಹೊರಗೆ ಬಂದು ಹಿಮ ಎತ್ತುವವರ ಹಾಗೆ ನಿಂತಿರುತ್ತಿದ್ದರು. ನಾನು ಪರದೆಯ ಸಂದಿನಿಂದ ನೋಡುತ್ತಿದ್ದೆ. ಮಾರನೆಯ ವರ್ಷ ನಾವು ಸ್ಟೌಫ್‌ವಿಲ್‌ನಲ್ಲಿ ಹೊಸ ಮನೆ ತೆಗೆದುಕೊಂಡೆವು. ಆಫೀಸಿಗೆ ಹತ್ತಿರ, ಮಗಳಿಗೆ ಒಳ್ಳೆ ಸ್ಕೂಲು ಎಂದು ಎಲ್ಲರಿಗೂ ಹೇಳಿದೆ. ನಿಜವಾದ ಕಾರಣ ಆ ಬೇಲಿ.

ಎರಡು ವರ್ಷದ ಮೇಲೆ ಅಜ್ಜ ಹೋದರೆಂದು ಅವರ ಮಗಳ ಫೋನ್ ಬಂತು. ದೇಹವನ್ನು ದರ್ಶನಕ್ಕಿಟ್ಟಿದ್ದ ಫ್ಯೂನರಲ್ ಹೋಮಿಗೆ ಹೋದೆ. ಇಟಲಿಯಿಂದ ಯಾರೂ ಬಂದಿರಲಿಲ್ಲ. ಹೂವೂ ಬಂದಿರಲಿಲ್ಲ. ಮಗಳು ನನ್ನ ಕೈಹಿಡಿದು, ಅಪ್ಪನಿಗೆ ಕೊನೆಯಲ್ಲಿ ಮರೆವು ಹೆಚ್ಚಾಗಿ ಊರಿನವರ ಮನಸ್ಸನ್ನೂ ನೋಯಿಸಿಬಿಟ್ಟರು, ಆದರೆ ನೀವು ಅವರಿಗೋಸ್ಕರ ಅಷ್ಟು ದೂರ ಹುಡುಕಿಕೊಂಡು ಹೋಗಿದ್ದಿರಿ, ಅದನ್ನು ನಾವು ಮರೆಯುವುದಿಲ್ಲ, ಅಂದಳು. ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು. ಅಜ್ಜ ಅದೇ ಕೋಟಿನಲ್ಲಿದ್ದರು...

"ಥ್ಯಾಂಕ್ ಯೂ," ಅಂದೆ ನಾನು.

ಅಮ್ಮ ಈಗಿಲ್ಲ. ಆ ತಂಗಿಯೂ ತೀರಿಕೊಂಡಳೆಂದು ಕೇಳಿದ್ದೇನೆ. ರೆಕ್ಸ್‌ಡೇಲ್‌ನ ಆ ಮನೆಯನ್ನು ಮಾರಿದ್ದಾರೆ. ಅಜ್ಜನಂಥವರು ನನಗೆ ಮತ್ತೆ ಸಿಗಲಿಲ್ಲ, ಸಿಕ್ಕಿದ್ದರೂ ನನ್ನಿಂದ ಉಳಿಸಿಕೊಳ್ಳಲಾಗುತ್ತಿರಲಿಲ್ಲ. ಆದರೆ ಅವರ ಮಗಳಿದ್ದಾಳೆ. ವುಡ್‌ಬ್ರಿಜ್‌ನಲ್ಲಿ, ನಮ್ಮ ಮನೆಯಿಂದ ಅರ್ಧ ಗಂಟೆಯ ಡ್ರೈವ್. ಫೋನ್ ನಂಬರೂ ನನ್ನಲ್ಲಿದೆ. ಅವಳು ಇವತ್ತಿಗೂ ತನ್ನ ತಂದೆಯನ್ನು ಮರೆವಿನ ಮುದುಕ ಎಂದೇ ತಿಳಿದಿದ್ದಾಳೆ.

ಒಂದು ವಾರ ಕೂತು ಇಷ್ಟನ್ನು ಬರೆದು, ನಿನ್ನೆ ಹೆಂಡತಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿದಳು. ಬಟ್ಟೆ ಮಡಿಸುತ್ತಿದ್ದ ಕೈ ನಿಲ್ಲಲಿಲ್ಲ.

"ಎಲ್ಲಾ ಸರಿಯಾಗಿ ಬರೆದಿದೀರ," ಅಂದಳು. "ಆದ್ರೆ ಕನ್ನಡದಲ್ಲಿ ಬರೆದಿದೀರಲ್ಲ ರೀ. ಅಜ್ಜನ ಮಗಳು ಹೇಗೆ ಓದ್ತಾಳೆ?"

ಓದಲಾರಳು. ಅದಕ್ಕೇ ಕನ್ನಡದಲ್ಲಿ ಬರೆದೆ ಎಂದು ಹೆಂಡತಿಗೂ ಗೊತ್ತಿತ್ತು, ನನಗೂ.